ನೀರು ಕಾಣದ ದೋಣಿ

ರಿಮೋಟಿಗೊಂದು ಕವರು, ಆ ಕವರಿಗೊಂದು ರಬ್ಬರ್ ಬ್ಯಾಂಡು ಹಾಕಿಡುವ ಮಹಾನುಭಾವರು ಪ್ರತಿ ಬೀದಿಯಲ್ಲೂ ಒಬ್ಬರಿರುತ್ತಾರೆ. ಈ ಬೀದಿಯ ಮಹಾನುಭಾವರನ್ನು ಎಲ್ಲರೂ ಕವರ್ ಸಾಹೇಬರು ಎನ್ನುತ್ತಿದ್ದರು. ಮೂವತ್ತು ವರ್ಷ ಕಚೇರಿಯ ಉಗ್ರಾಣ ನೋಡಿಕೊಂಡವರು. ಅವರ ಕಾಲದಲ್ಲಿ ಬಂದ ಹೊಸ ಫ್ಯಾನುಗಳೆಲ್ಲ ಪೆಟ್ಟಿಗೆಯಲ್ಲೇ ಮುದಿಯಾದವು, ಸಿಬ್ಬಂದಿ ಗಾಳಿಯಿಲ್ಲದೆ ಕೂತು ಬೆವರಿದರು.

ಇಂಥ ಪುಣ್ಯಾತ್ಮರ ಕೈಗೆ ಹೆಂಡತಿಯ ತವರಿನ ಮರದ ದೋಣಿ ಸಿಕ್ಕಿತು. ಅವಳ ಅಪ್ಪ ಹೊಳೆ ದಾಟಿಸುತ್ತಿದ್ದ ದೋಣಿ. ಅಪ್ಪ ಹೋದಮೇಲೆ ಅವಳು ಬಾಯಿಬಿಟ್ಟು ಕೇಳಿದ್ದು ಅದೊಂದನ್ನೇ. ಆಚೆ ದಡದಲ್ಲಿ ಅಕ್ಕನ ಮನೆ. ಬಸ್ಸಿನಲ್ಲಿ ಸೇತುವೆ ಸುತ್ತಿ ಹೋದರೆ ಇಡೀ ದಿನ ಬೇಕು, ದೋಣಿಯಾದರೆ ಅರ್ಧ ಗಂಟೆ. ಮನಸ್ಸು ಬಂದಾಗ ಹೋಗಿ ಅಕ್ಕನ ಪಕ್ಕ ಕೂತು ಬರಬೇಕು, ಅಷ್ಟೇ ಅವಳ ಆಸೆ.

“ನೀರು ತಾಗಿದ್ರೆ ಮರ ಹಾಳಾಗುತ್ತೆ ಕಣೇ,” ಎಂದರು ಸಾಹೇಬರು. ತಗಡಿನ ಶೆಡ್ಡಿನಲ್ಲಿ ಇಟ್ಟಿಗೆಯ ಮೇಲೆ ದೋಣಿಯನ್ನು ಕೂರಿಸಿ ಉಜ್ಜಿದರು, ವಾರ್ನಿಶ್ ಬಳಿದರು, ಮತ್ತೆ ಉಜ್ಜಿದರು. ಅದೂ ನೋಡುವವರ ಕಣ್ಣಿಗೆ ಬೀಳುವ ಹೊರಮೈಗೆ ಮಾತ್ರ. “ಯಾವಾಗ್ರೀ ಇಳಿಸೋದು?” ಎಂದರೆ, “ಇನ್ನೊಂದು ಕೋಟ್ ಆಗ್ಲಿ!” ನಾಲ್ಕು ವರ್ಷ ಹೀಗೇ ಹೋಯಿತು. ಬಂದವರಿಗೆ ಅದರಲ್ಲಿ ಮುಖ ನೋಡಿಕೊಳ್ಳಿ ಎನ್ನುತ್ತಿದ್ದರು. ಅಲ್ಲ, ದೋಣಿ ಇರುವುದು ತಲೆ ಬಾಚಿಕೊಳ್ಳಲಿಕ್ಕೇ?

ಒಂದು ಬೆಳಿಗ್ಗೆ ಅಕ್ಕನ ಸೊಸೆಯ ಫೋನ್ ಬಂತು. “ಚಿಕ್ಕತ್ತೆ, ಅತ್ತೆಗೆ ಮರೆವು ಜಾಸ್ತಿಯಾಗ್ತಿದೆ. ಬೇಗ ಬಂದ್ಬಿಡಿ.” ಅವಳು ಗಂಡನನ್ನು ಕೇಳಲೇ ಇಲ್ಲ. ಬೀದಿಯವರನ್ನು ಕರೆದು ದೋಣಿ ಹೊರಿಸಿದಳು. ಸಾಹೇಬರು ಹಿಂದೆಯೇ ಓಡಿದರು, ಬಟ್ಟೆ ಹಿಡಿದು ಬೆರಳಿನ ಗುರುತು ಒರೆಸುತ್ತ.

ದೋಣಿ ನೀರಿಗಿಳಿಸಿ ಅವಳು ಹುಟ್ಟು ಹಾಕುತ್ತ ಹತ್ತು ಮಾರು ಹೋಗುವಷ್ಟರಲ್ಲಿ ಹಲಗೆಗಳ ಸಂದಿಯಿಂದ ನೀರು ಬುಳುಬುಳು ನುಗ್ಗಿತು. ಬಿಸಿ ತಗಡಿನಡಿ ಒಣಗಿ ಒಣಗಿ ಮರ ಕುಗ್ಗಿಹೋಗಿತ್ತು.

“ನಾನು ಬಡ್ಕೊಂಡೆ, ನೀರು ತಾಗಿಸ್ಬೇಡ ಅಂತ!” ಸಾಹೇಬರು ಮೊಣಕಾಲುದ್ದ ನೀರಲ್ಲಿ ನಿಂತು ಗೋಳಾಡಿದರು.

“ಬಾಯ್ಮುಚ್ಚಿ ಸಾಕು! ನೀರು ಕಾಣದೇನೇ ಇದು ಹಾಳಾಗಿದ್ದು. ಬೇಸಿಗೆ ಕಳೆದ್ಮೇಲೆ ಅಪ್ಪ ಮೂರು ದಿನ ದೋಣೀನ ಮುಳುಗಿಸಿಡ್ತಿದ್ರು. ಮರ ನೀರು ಕುಡಿದು ಉಬ್ಬಿ ಸಂದಿ ಮುಚ್ಕೊಳ್ಳೋದು. ಎಷ್ಟು ಸಲ ಹೇಳಿದೀನಿ ನಿಮ್ಗೆ?”

ಅವಳು ಅಳುತ್ತಲೇ ದೋಣಿಯನ್ನು ಹಿಂದಕ್ಕೆ ತಂದು, ಕಲ್ಲು ತುಂಬಿ ದಡದ ಬಳಿ ಮುಳುಗಿಸಿದಳು. ಒದ್ದೆ ಸೀರೆಯಲ್ಲೇ ಬಸ್ಸು ಹತ್ತಿದಳು. ಸಂಜೆ ಅಲ್ಲಿ ಮುಟ್ಟಿದಾಗ ಅಕ್ಕ ಅವಳ ಮುಖವನ್ನೇ ನೋಡುತ್ತ, “ಯಾರಮ್ಮ ನೀವು? ಯಾರು ಬೇಕಿತ್ತು?” ಎಂದಳು.

ನಾಲ್ಕನೆಯ ದಿನ ಅವಳು ಮರಳಿ ಬಂದಾಗ ಸಾಹೇಬರು ದೋಣಿ ಎತ್ತಿಸಿ ತೇಲಿಸಿದ್ದರು. ದಡದಲ್ಲಿ ಸೇರಿದವರಿಗೆ, “ನೋಡಿ, ಒಂದು ಹನಿ ಒಳಗೆ ಬರಲ್ಲ. ಎಲ್ಲ ನನ್ನ ವಾರ್ನಿಶ್ ಮಹಿಮೆ!” ಎನ್ನುತ್ತಿದ್ದರು. ಹೆಂಡತಿಯನ್ನು ಕಂಡು ಮುಖ ಅರಳಿಸಿದರು.

“ಬಾರೇ, ಹತ್ತು! ನಿಮ್ಮಕ್ಕನ್ನ ನೋಡ್ಕೊಂಡು ಬರೋಣ.”

ಅವಳು ಹುಟ್ಟನ್ನು ಅವರ ಕೈಗೇ ತುರುಕಿದಳು.

“ಮರ ಮೂರು ದಿನಕ್ಕೆ ಸರಿಹೋಯ್ತು ಕಣ್ರೀ. ಅಕ್ಕನ್ನ ಯಾವ ನೀರಲ್ಲಿ ಮುಳುಗಿಸ್ಲಿ, ಹೇಳಿ?”