ದೊಡ್ಡಕ್ಷರದ ಫೋನು ಹುಡುಕುವ ಅಕ್ಕ

ಬೆಳಗ್ಗೆ ಐದೂಮುಕ್ಕಾಲು. ಕಣ್ಣಿನ ಆಸ್ಪತ್ರೆಯ ಗೇಟು ಇನ್ನೂ ತೆರೆದಿಲ್ಲ. ಗೋಡೆಗುಂಟ ಮೂವತ್ತು ಜನ ನಿಂತಿದ್ದಾರೆ. ಹೆಗಲಿಗೆ ಬಟ್ಟೆಚೀಲ ಹಾಕಿಕೊಂಡ ಹೆಂಗಸೊಬ್ಬರು ಒಬ್ಬೊಬ್ಬರ ಬಳಿಯೂ ಹೋಗಿ ಕೇಳುತ್ತಿದ್ದಾರೆ.

"ಅಜ್ಜಿ, ನಿಮ್ಮ ಫೋನ್ ಒಂದ್ಸಲ ತೋರಿಸ್ತೀರಾ? ನಿಮ್ಮ ಕೈಯಲ್ಲೇ ಇರ್ಲಿ, ನಾನು ಮುಟ್ಟಲ್ಲ."

ಅಜ್ಜಿ ಫೋನನ್ನು ಎದೆಗೆ ಅವುಚಿಕೊಳ್ಳುತ್ತಾರೆ. "ನಿನ್ನ ಕಣ್ಣು ನೆಟ್ಟಗೇ ಇದ್ಯಲ್ಲಮ್ಮ. ನಿಂಗೇನು ಕೆಲ್ಸ ಇಲ್ಲಿ?"

"ಇದೇ ನನ್ನ ಕೆಲ್ಸ, ಅಜ್ಜಿ."

ಹಿಂದೆ ನಿಂತವರೊಬ್ಬರು ನಗುತ್ತಾರೆ. "ತೋರಿಸಿ ಅಜ್ಜಿ, ಅವ್ರು ಕ್ಯೂ ಅಕ್ಕ. ಪ್ರತಿ ಗುರುವಾರ ಬರ್ತಾರೆ. ಕದಿಯೋರಾಗಿದ್ರೆ ನನ್ನದ್ಯಾವತ್ತೋ ಹೋಗ್ತಿತ್ತು."

ಕ್ಯೂ ಅಕ್ಕನಿಗೆ ನಲವತ್ತೊಂದು ವರ್ಷ. ಒಂದೇ ವೆಬ್‌ಸೈಟು ಮೇಜಿನ ಮೇಲಿನ ದೊಡ್ಡ ಪರದೆಯಲ್ಲೂ ಅಂಗೈಯಗಲದ ಫೋನಿನಲ್ಲೂ ಸರಿಯಾಗಿ ಕೂರುವಂತೆ ಪುಟ ಹೊಂದಿಸುವುದು ಅವರ ಕಸುಬು. ಟೈರ್ ಅಂಗಡಿಯ ಮೇಲಿನ ಎರಡು ಕೋಣೆಯೇ ಆಫೀಸು. ಈ ಆಸ್ಪತ್ರೆಯ ಟೋಕನ್ ಪುಟ ಅವರ ಕೈಯಲ್ಲೇ ತಯಾರಾದದ್ದು. ಅದಕ್ಕೂ ಮೊದಲು ಹನ್ನೆರಡು ವರ್ಷ ಮುದ್ರಣಾಲಯದಲ್ಲಿ ಪುಟ ಜೋಡಿಸುತ್ತಿದ್ದರು. ಪ್ರೆಸ್ಸು ಮುಚ್ಚಿದಾಗ ತನಗಿಂತ ಹದಿನೈದು ವರ್ಷ ಚಿಕ್ಕವರ ಪಕ್ಕ ಕೂತು ಮೊದಲಿಂದ ಕಲಿತರು.

"ಪ್ರೆಸ್ಸಲ್ಲಿ ಕಾಗದ ನಾವು ಕತ್ತರಿಸಿದಷ್ಟೇ ಇರ್ತಿತ್ತು. ಇಲ್ಲಿ ಕಾಗದ ಓದೋರ ಜೇಬಲ್ಲಿದೆ. ಅದೆಷ್ಟಗಲ ಅಂತ ನಂಗೆ ಗೊತ್ತೇ ಇರಲ್ಲ" ಎನ್ನುತ್ತಾರೆ.

ಆಸ್ಪತ್ರೆ ಕೊಡುವುದು ದಿನಕ್ಕೆ ನೂರಿಪ್ಪತ್ತು ಟೋಕನ್. ನೂರು ವೆಬ್‌ಸೈಟಿನಲ್ಲಿ, ಇಪ್ಪತ್ತು ಗೇಟಿನಲ್ಲಿ. ಆರು ಗಂಟೆಗೆ ಪುಟ ತೆರೆದರೆ ಹನ್ನೊಂದು ನಿಮಿಷದಲ್ಲಿ ನೂರೂ ಖಾಲಿ.

ಎರಡು ವರ್ಷದ ಹಿಂದೆ, ಅಕ್ಕ ತಮ್ಮ ತಾಯಿಯ ಕಣ್ಣಿನ ಪಟ್ಟಿ ಬಿಚ್ಚಿಸಲು ಬಂದಾಗ, ಸಾಲಿನಲ್ಲಿ ಅವರ ಮುಂದೆ ಒಬ್ಬ ಗಡಿಯಾರ ರಿಪೇರಿಯವರು ಫೋನನ್ನು ಮೂಗಿಗೆ ತಾಗಿಸಿಕೊಂಡು ನಿಂತಿದ್ದರು. ಅವರದು ಕಣ್ಣಿನೊಳಗೆ ಒತ್ತಡ ಏರುವ ಕಾಯಿಲೆ. ಅದರಲ್ಲಿ ಹೋದ ದೃಷ್ಟಿ ತಿರುಗಿ ಬರುವುದಿಲ್ಲ, ಉಳಿದದ್ದನ್ನು ಹನಿಮದ್ದು ಕಾಯಬೇಕು. ಮದ್ದು ಮುಗಿದು ಮೂರು ವಾರವಾಗಿತ್ತು. ಹೊಸ ಚೀಟಿಗೆ ಡಾಕ್ಟರನ್ನು ಕಾಣಬೇಕಿತ್ತು, ಟೋಕನ್ ಮಾತ್ರ ವೆಬ್‌ಸೈಟಿನಲ್ಲೂ ಗೇಟಿನಲ್ಲೂ ಸಿಕ್ಕಿರಲಿಲ್ಲ.

"ಹೆಸರು ಬರೀತೀನಿ, ತಾರೀಕು ಒತ್ತೀನಿ. ಆಮೇಲೆ ಒಂದು ಹಸಿರು ಬಟನ್ ಇದೆ ಅಂತಾರೆ. ನಂಗೆ ಕಾಣಲ್ಲಮ್ಮ. ಅಷ್ಟು ಹೋಗ್ಬಿಟ್ಟಿದೆ ಕಣ್ಣು" ಎಂದರು ಅವರು.

ಅಕ್ಕ ಫೋನು ಇಸಿದುಕೊಂಡು ನೋಡಿದರು. ಅವರಿಗೂ ಕಾಣಲಿಲ್ಲ. ರಿಪೇರಿಯವರು ಫೋನಿನ ಅಕ್ಷರವನ್ನು ಅತಿ ದೊಡ್ಡದಕ್ಕೆ ಇಟ್ಟುಕೊಂಡಿದ್ದರು. ಉಬ್ಬಿದ ಅಕ್ಷರಗಳು ಬಟನ್ನನ್ನು ಪರದೆಯ ಕೆಳಗೆ ತಳ್ಳಿದ್ದವು. ಪುಟವನ್ನು ಮೇಲೆ ಸರಿಸಿ ನೋಡೋಣವೆಂದರೆ ಅದು ಅಲುಗಾಡದಂತೆ ಬಿಗಿದಿತ್ತು. ಅಂದವಾಗಿ ಕಾಣಲೆಂದು ಹಾಗೆ ಬಿಗಿದವರು ಅಕ್ಕನೇ. ಆರು ಫೋನಿನಲ್ಲಿ ಪರೀಕ್ಷೆ ಮಾಡಿದ್ದರು. ಒಂದರಲ್ಲೂ ಅಕ್ಷರ ದೊಡ್ಡದು ಮಾಡಿ ನೋಡಿರಲಿಲ್ಲ.

"ನಿಮ್ಮ ಕಣ್ಣಿನ ತಪ್ಪಲ್ಲ ಯಜಮಾನ್ರೇ, ಬಟನ್ನೇ ಇಲ್ಲ ಇಲ್ಲಿ ಅಂದೆ. ಅವ್ರು ನಂಬ್ಲಿಲ್ಲ. ಸುಮ್ನೆ ಸಮಾಧಾನ ಹೇಳ್ಬೇಡಮ್ಮ ಅಂದ್ರು."

ಅಲ್ಲಿಂದಲೇ ಆಫೀಸಿನ ಯಜಮಾನರಿಗೆ ಫೋನ್ ಮಾಡಿದರು. "ಅಷ್ಟು ದೊಡ್ಡಕ್ಷರ ಇಟ್ಕೊಳ್ಳೋರು ಎಷ್ಟು ಜನ ಇರ್ತಾರಮ್ಮ?" ಎಂದು ಆ ಕಡೆಯಿಂದ ಗೊಣಗು.

"ಸರ್, ಇದು ಕಣ್ಣಾಸ್ಪತ್ರೆ."

ಸರಿಪಡಿಸಲು ನಲವತ್ತು ನಿಮಿಷ ಸಾಕಾಯಿತು. ಮಾರನೆಯ ಬೆಳಗ್ಗೆ ಗಡಿಯಾರ ರಿಪೇರಿಯವರು ಮನೆಯಲ್ಲೇ ಕೂತು ಟೋಕನ್ ಪಡೆದರು.

ಅಂದಿನಿಂದ ಗುರುವಾರ ಸಾಲಿನಲ್ಲಿ ನಿಲ್ಲುವುದು ರೂಢಿಯಾಗಿದೆ. ಮೊದಮೊದಲು ಅರ್ಧ ದಿನ ರಜೆ ಹಾಕಿ ಬರುತ್ತಿದ್ದರು, ಈಗ ಆಫೀಸೇ ಕಳಿಸುತ್ತದೆ. ವಾರಕ್ಕೆ ಎಂಟು, ಹತ್ತು ಫೋನು. ನೋಟ್‌ಬುಕ್ಕಿನಲ್ಲಿ ಈವರೆಗೆ ಎಂಟುನೂರು ದಾಟಿವೆ. ಒಂದರ ಗಾಜು ಬಟನ್ನಿರುವ ಮೂಲೆಯಲ್ಲೇ ಒಡೆದಿರುತ್ತದೆ. ಇನ್ನೊಂದರಲ್ಲಿ ಹೆಸರು ಬರೆಯಲು ಹೋದರೆ ಕೀಲಿಮಣೆ ಎದ್ದು ಅರ್ಧ ಪುಟ ನುಂಗುತ್ತದೆ. "ಫೋನ್ ಕೊಡೋರು ನಮ್ಗೆ ಮೇಷ್ಟ್ರು ಇದ್ದಂಗೆ. ಬೆಳಗಿನ ಚಳೀಲಿ ನಿಂತು ಪಾಠ ಹೇಳ್ಕೊಡ್ತಾರೆ, ಪಾಪ."

ಆಸ್ಪತ್ರೆಯಿಂದ ಎರಡು ಬೀದಿ ದಾಟಿದರೆ ಗಡಿಯಾರದ ಅಂಗಡಿ. ರಿಪೇರಿಯವರು ಬಲಗಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡೇ ಮಾತಾಡುತ್ತಾರೆ. "ಎಡಗಣ್ಣಿನ ಅಂಚಿನ ನೋಟ ಹೋಯ್ತು. ಬಲಗಣ್ಣು ಉಳೀತು, ಅನ್ನ ಹುಟ್ತಾ ಇದೆ. ಅವತ್ತು ಆ ಹುಡುಗಿ ನನ್ನ ಫೋನ್ ನೋಡ್ದೇ ಇದ್ದಿದ್ರೆ ನಾನು ಕಣ್ಣು ಸತ್ತೋಯ್ತು ಅಂತ ಸುಮ್ನಾಗ್ಬಿಡ್ತಿದ್ದೆ. ದಿನಾ ಹನಿ ಹಾಕ್ಕೊಳ್ವಾಗ ನೆನೆಸ್ಕೋತೀನಿ."

ಈ ಮಾತನ್ನು ತಲುಪಿಸಿದರೆ ಕ್ಯೂ ಅಕ್ಕ ಹಿಗ್ಗುವುದಿಲ್ಲ. "ಮೂರು ವಾರದಲ್ಲಿ ಆ ಅಂಚು ಎಷ್ಟು ಹೋಯ್ತು ಅಂತ ಡಾಕ್ಟ್ರನ್ನ ಕೇಳ್ದೆ. ಹೇಳೋಕಾಗಲ್ಲ ಅಂದ್ರು. ಬೈಯ್ಬೇಕಾದೋರು ನನ್ನ ನೆನೆಸ್ಕೋತಾರೆ. ಅದು ಅವ್ರ ದೊಡ್ಡತನ. ಋಣ ನಂದು."

ಆಸೆಯೇನಾದರೂ ಇದೆಯೇ ಎಂದರೆ ನೋಟ್‌ಬುಕ್ಕನ್ನು ಚೀಲಕ್ಕೆ ಹಾಕುತ್ತಾ ಹೇಳುತ್ತಾರೆ.

"ಪುಟದಲ್ಲಿ ಏನಾದ್ರೂ ಕಾಣ್ಲಿಲ್ಲ ಅಂದ್ರೆ ಜನ ತಮ್ಮ ಕಣ್ಣನ್ನ ಬೈಕೋಬಾರ್ದು. ಮೊದ್ಲು ನನ್ನನ್ನ ಬೈಲಿ. ಬಂದು ನೋಡ್ತೀನಿ."