ಕ್ಯಾನ್ಸರ್ ಅಲ್ಲದ ಗಡ್ಡೆ

ಶಹಾಪುರದ ನನ್ನ ಹಲ್ಲಿನ ದವಾಖಾನೆಗೆ ದೇವಾಪುರದ ಮಲ್ಲಮ್ಮ ಸೆರಗಿನಿಂದ ಕೆನ್ನೆ ಮುಚ್ಚಿಕೊಂಡು ಬಂದಿದ್ದಳು. ಕೆಳದವಡೆಯಲ್ಲಿ ನಿಂಬೆಹಣ್ಣಿನಷ್ಟು ಗಡ್ಡೆ. ಅದರ ಚೂರು ತೆಗೆದು ಪರೀಕ್ಷೆಗೆ ಕಳಿಸಿದ್ದೆ. ವರದಿ ಬಂದ ದಿನ ಅವಳಿಗೆ ಹೇಳಿದೆ: "ಕ್ಯಾನ್ಸರ್ ಅಲ್ಲ ತಂಗಿ. ಆದ್ರ ಬಿಟ್ರ ಎಲುಬು ತಿಂತೈತಿ. ಕಲಬುರಗಿಗೆ ಹೋಗಿ ತೆಗೆಸಬೇಕು."

ಅವಳ ಮುಖ ಬಾಡಿತು. "ಹೊರಗ ನಮ್ಮ ಮನಿಯವ್ರು ಕುಂತಾರ. ಅವ್ರಿಗೆ ಕ್ಯಾನ್ಸರ್ ಅಂತನ ಹೇಳ್ರಿ. ಅಲ್ಲ ಅಂದ್ರ ಯಾರೂ ಕರ್ಕೊಂಡು ಹೋಗಂಗಿಲ್ಲ."

ಸುಳ್ಳು ಹೇಳಲು ಬಾಯಿ ಬರಲಿಲ್ಲ. ಗಂಡನನ್ನು ಕರೆದು ಇದ್ದದ್ದನ್ನೇ ವಿವರಿಸಿದೆ. ಅವನು ನಿರಾಳನಾದ. "ಕ್ಯಾನ್ಸರ್ ಅಲ್ಲಲ್ರಿ, ಸಾಕು. ಹತ್ತಿ ಬಿಡಿಸೂದು ಮುಗೀಲಿ, ನೋಡೂಣು."

ಮತ್ತೆ ಅವರು ಬಂದದ್ದು ಎರಡು ವರ್ಷದ ಮೇಲೆ. ಕಲಬುರಗಿಯಲ್ಲಿ ಅರ್ಧ ದವಡೆಯನ್ನೇ ತೆಗೆದರು. ಮಲ್ಲಮ್ಮ ಈಗ ಗಂಜಿಯಲ್ಲೇ ಬದುಕಿದ್ದಾಳೆ.

ಖರೆ ಹೇಳುವ ಡಾಕ್ಟರು ಎಂದು ಗಂಡ ಊರೆಲ್ಲ ನನ್ನನ್ನು ಹೊಗಳುತ್ತಾನಂತೆ. ಅವಳು ಮಾತ್ರ ನನ್ನ ಕಡೆ ನೋಡುವುದಿಲ್ಲ.