ವಿಭೂತಿ ಹಚ್ಚಿದ ಕ್ಯಾಮೆರಾ

ಅಟ್ಟ ಗುಡಿಸುವಾಗ ಹಳೆಯ ಕ್ಯಾಮೆರಾ ಚೀಲ ಸಿಕ್ಕಿತು. ಜಿಪ್ ಎಳೆದರೆ ವಿಭೂತಿಯ ವಾಸನೆ. ಎದುರುಮನೆ ದೊಡ್ಡಮ್ಮನ ಮೇಲೆ ಇಷ್ಟು ವರ್ಷವಾದರೂ ಸಿಟ್ಟು ಬಂತು.

ನಂಜನಗೂಡಿನ ಶಾಲೆಯಲ್ಲಿ ನಾನು ಪ್ರತಿ ವರ್ಷ ಹಿಮನದಿಯ ಪಾಠ ಮಾಡುತ್ತಿದ್ದೆ. ಕಪಿಲೆ ಬಿಟ್ಟು ಬೇರೆ ನದಿ ಕಾಣದ ಮಕ್ಕಳು, ಹಿಮವನ್ನೇ ಕಾಣದ ಮೇಷ್ಟ್ರು. ಬೋರ್ಡಿನ ಮೇಲೆ ನಾನು ಬರೆದ ಹಿಮನದಿ ಹಿಟ್ಟಿನ ಮೂಟೆಯಂತಿರುತ್ತಿತ್ತು. ಹೀಗಿರುವಾಗ, ಎರಡು ಸಾವಿರದ ಇಸವಿಯ ಆಚೀಚೆ, ದೊಡ್ಡಮ್ಮ ತಂಗಿಯ ಮಗಳ ಬಾಣಂತನಕ್ಕೆಂದು ಅಲಾಸ್ಕಾಕ್ಕೆ ಹೊರಟರು. ಅಲ್ಲಿ ಕಡಲ ದಂಡೆಯ ರಾಷ್ಟ್ರೀಯ ಉದ್ಯಾನದಲ್ಲಿ ದೋಣಿ ಹತ್ತಿಸಿ ಹಿಮನದಿ, ತಿಮಿಂಗಿಲ ಎಲ್ಲ ತೋರಿಸುತ್ತಾರಂತೆ. ನನ್ನ ಕ್ಯಾಮೆರಾಕ್ಕೆ ಹೊಸ ರೀಲು ಹಾಕಿ ಕೊಟ್ಟೆ. ಈ ಸಲ ನಿಜವಾದ ಹಿಮನದಿ ತೋರಿಸುತ್ತೇನೆಂದು ಮಕ್ಕಳಿಗೂ ಹೇಳಿಬಿಟ್ಟೆ.

ಅವರು ವಾಪಸು ಬಂದ ಮೇಲೆ ರೀಲು ತೊಳೆಸಿದರೆ ಫೋಟೊಗಳೆಲ್ಲ ಬಿಳಿ. ಮಜ್ಜಿಗೆಯೊಳಗೆ ಇಣುಕಿದ ಹಾಗೆ.

“ಮಂಜಲ್ವಾ ಮೇಷ್ಟ್ರೇ, ಬೆಳ್ಳಗೇ ಇರ್ತದೆ,” ಎಂದರು ದೊಡ್ಡಮ್ಮ.

ಕ್ಯಾಮೆರಾ ತಿರುಗಿಸಿ ನೋಡಿದೆ. ಮುಂದಿನ ಗಾಜಿನ ಮೇಲೆ ಮೂರು ಬೆರಳಿನ ಪಟ್ಟೆ. ಹೊಸ ಸ್ಕೂಟರಿಗೆ, ಹೊಲಿಗೆ ಮಿಷನ್ನಿಗೆ ಹಚ್ಚುವಂತೆ ನಂಜುಂಡೇಶ್ವರನ ವಿಭೂತಿ ಬಳಿದಿದ್ದರು.

“ಪರದೇಸ ಕಣಪ್ಪ. ದೃಷ್ಟಿ ಆಗ್ಬಾರ್ದು ಅಂತ.”

ತಲೆ ಚಚ್ಚಿಕೊಳ್ಳುವುದೊಂದು ಬಾಕಿ. ಕಂಡದ್ದನ್ನಾದರೂ ಬಂದು ಮಕ್ಕಳಿಗೆ ಹೇಳಿ ಎಂದೆ. ತರಗತಿಗೆ ಬಂದರು. ಸೀಲ್ ಎಂಬ ಕಡಲಪ್ರಾಣಿಗಳು ಬಂಡೆಯ ಮೇಲೆ ಎಮ್ಮೆಕರುಗಳಂತೆ ಬಿದ್ದುಕೊಂಡಿದ್ದುದನ್ನು ಹೇಳಿದಾಗ ಮಕ್ಕಳು ಕಣ್ಣರಳಿಸಿದರು. ಆಮೇಲೆ ಹಿಮನದಿ.

“ಗುಡುಗ್ದಂಗೆ ಸದ್ದಾಯ್ತು ಕಣ್ರಪ್ಪ. ಮನೆಯಷ್ಟು ಗಡ್ಡೆ ಕಳಚ್ಕಂಡು ಬೀಳೋ ಹೊತ್ಗೆ…”

“ಹೇಳಿ ದೊಡ್ಡಮ್ಮ,” ಎಂದೆ.

“ಕೈ ಮುಗ್ದು ಕಣ್ಮುಚ್ಕಂಡೆ. ಕಣ್ಬುಟ್ರೆ ಬರೀ ನೀರು.”

ಸಪ್ತಸಾಗರ ದಾಟಿ ಹೋಗಿ ಕಣ್ಣು ಮುಚ್ಚಿಕೊಂಡ ಪುಣ್ಯಾತಗಿತ್ತಿ! ಕ್ಯಾಮೆರಾವನ್ನು ಒರೆಸದೆಯೇ ಅಟ್ಟಕ್ಕೆ ಎಸೆದೆ. ವರ್ಷಗಟ್ಟಲೆ ಆ ಮಾತನ್ನೇ ಎತ್ತಿ ರೇಗುತ್ತಿದ್ದೆ. ಅವರು ನಗುತ್ತ ಕಾಫಿ ತಂದಿಡುತ್ತಿದ್ದರು…

ಅವರು ಹೋದಾಗ ಅಸ್ಥಿ ಬಿಡಲು ಟಿ. ನರಸೀಪುರದ ಸಂಗಮಕ್ಕೆ ನಾನೂ ಹೋಗಿದ್ದೆ. ಅವರ ತಮ್ಮ ಮಡಕೆಯನ್ನು ನೀರಿಗೆ ಬಾಗಿಸುವ ಹೊತ್ತಿಗೆ ನನ್ನ ಕೈ ತಾನಾಗಿ ಮುಗಿದಿತ್ತು, ಕಣ್ಣು ಮುಚ್ಚಿತ್ತು. ಬಿಟ್ಟು ನೋಡಿದರೆ ಬರೀ ನೀರು.

ಈಗ ಗಾಜು ಒರೆಸಲೆಂದು ಬಟ್ಟೆ ತಂದವನು ಕ್ಯಾಮೆರಾವನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದೇನೆ. ಒರೆಸಲು ಮನಸ್ಸಿಲ್ಲ. ರೇಗೋಣವೆಂದರೆ ಎದುರುಮನೆಯಲ್ಲಿ ದೊಡ್ಡಮ್ಮನೂ ಇಲ್ಲ.